ಒಡ್ಡಿನ ಎತ್ತರವೆಷ್ಟಿರಬೇಕು?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಎಲ್ಲರೂ ಕೇಳಿದ್ದೇವೆ. ಪ್ರವಾಹ, ಚಂಡಮಾರುತ, ಭೂಕಂಪಗಳ ವಿಷಯದಲ್ಲಿ ಮಾನವನು ಬಹುಕಾಲ ನಡೆದುಕೊಂಡ ರೀತಿ ಹೆಚ್ಚುಕಡಮೆ ಇದೇ ಆಗಿದೆ. ವಿಪತ್ತು ಬಂದೊಡನೆ ಗಂಜಿಕೇಂದ್ರಗಳು ತೆರೆಯುತ್ತವೆ, ಪರಿಹಾರಧನ ಹಂಚಲ್ಪಡುತ್ತದೆ, ಬಿದ್ದ ಗೋಡೆಗಳು ಬಿದ್ದ ಜಾಗದಲ್ಲಿಯೇ ಮತ್ತೆ ಏಳುತ್ತವೆ. ಇತ್ತ ರಸ್ತೆ, ಬಂದರು, ಕಾರ್ಖಾನೆ, ಬಡಾವಣೆಗಳ ಯೋಜನೆಗಳು ತಮ್ಮ ಪಾಡಿಗೆ ತಾವು ಸಿದ್ಧವಾಗುತ್ತಿರುತ್ತವೆ. ವಿಪತ್ತಿನ ಕಡತ ಒಂದು, ಅಭಿವೃದ್ಧಿಯ ಕಡತ ಇನ್ನೊಂದು. ಇವೆರಡೂ ಒಂದೇ ಕಡತದಲ್ಲಿರಬೇಕು ಎಂಬುದು ಈಚಿನ ಕಾಲದ ತಿಳಿವಳಿಕೆ.

ಏಕಿರಬೇಕು? ಇದು ಕರುಣೆಯ ಮಾತು ಮಾತ್ರವಲ್ಲ, ಲೆಕ್ಕದ ಮಾತು. ಆ ಲೆಕ್ಕವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತ ದೇಶವೊಂದಿದೆ. ಅದು ಯೂರೋಪಿನ ಪುಟ್ಟ ರಾಷ್ಟ್ರವಾದ ನೆದರ್ಲೆಂಡ್ಸ್. ಆ ದೇಶದ ಕಥೆಯ ಮೂಲಕವೇ ಈ ವಿಷಯವನ್ನು ತಿಳಿಯಲು ಯತ್ನಿಸೋಣ.

ಕಡಲಿಗಿಂತ ಕೆಳಗಿರುವ ನಾಡು

ನೆದರ್ಲೆಂಡ್ಸಿನ ನೆಲದಲ್ಲಿ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಅಲ್ಲಿಯ ಜನರು ಶತಮಾನಗಳಿಂದ ಕಡಲಿಗೆ ಅಡ್ಡಲಾಗಿ ಮಣ್ಣಿನ ಒಡ್ಡುಗಳನ್ನು ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ಎತ್ತಿಹಾಕಿ, ಗದ್ದೆ ಊರುಗಳನ್ನು ಮಾಡಿಕೊಂಡಿದ್ದಾರೆ. ನಮ್ಮ ಕೆರೆಯ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ. ಅವರ ಒಡ್ಡು ನೀರನ್ನು ಹೊರಗೆ ತಡೆದಿಡುತ್ತದೆ. ಏರಿ ಒಡೆದರೆ ಕೆರೆಯಲ್ಲಿದ್ದಷ್ಟು ನೀರು ಮಾತ್ರ ಹರಿದೀತು. ಆ ಒಡ್ಡು ಒಡೆದರೆ ಒಳನುಗ್ಗುವುದು ಸಮುದ್ರವೇ.

1953ನೆಯ ಇಸವಿ ಜನವರಿ 31ರ ಶನಿವಾರ ರಾತ್ರಿ ಹೀಗೆಯೇ ಆಯಿತು. ಉತ್ತರ ಸಮುದ್ರದ ಮೇಲೆ ವಾಯವ್ಯದಿಂದ ಬೀಸಿದ ಪ್ರಚಂಡ ಬಿರುಗಾಳಿಯು ನೀರನ್ನು ದಕ್ಷಿಣದ ಕಡೆಗೆ ತಳ್ಳಿಕೊಂಡು ಬಂದಿತು. ಜೀಲೆಂಡ್ ಪ್ರಾಂತದಲ್ಲಿಯೂ ಸುತ್ತಲಿನ ದ್ವೀಪಗಳಲ್ಲಿಯೂ ಒಡ್ಡುಗಳು ಒಂದಾದ ಮೇಲೊಂದು ಒಡೆದುವು. ಆ ಕಾಲದಲ್ಲಿ ರೇಡಿಯೋ ನಿಲಯಗಳು ರಾತ್ರಿ ಪ್ರಸಾರವನ್ನು ನಿಲ್ಲಿಸುತ್ತಿದ್ದುವು. ಆದಕಾರಣ ಮಲಗಿದ್ದವರಿಗೆ ಎಚ್ಚರಿಕೆಯೇ ಮುಟ್ಟಲಿಲ್ಲ. ಆ ಪ್ರವಾಹದಲ್ಲಿ ನೆದರ್ಲೆಂಡ್ಸ್ ಒಂದರಲ್ಲೇ 1,836 ಜನರು ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿಯೂ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು.

ಅಂದು ಇನ್ನೂ ಘೋರವಾದ ಅನಾಹುತವೊಂದು ಕೂದಲೆಳೆಯಷ್ಟರಲ್ಲಿ ತಪ್ಪಿತು. ಹಾಲೆಂಡಿನ ಐಸೆಲ್ ಎಂಬ ನದಿಯ ದಂಡೆಯ ಒಡ್ಡೊಂದು ಸುಮಾರು ಮೂವತ್ತು ಲಕ್ಷ ಜನ ವಾಸಿಸುವ ತಗ್ಗು ಪ್ರದೇಶವನ್ನು ಕಾಯುತ್ತಿದ್ದಿತು. ಫೆಬ್ರುವರಿ 1ರ ಬೆಳಗಿನ ಜಾವ ಅದೂ ಬಿರುಕುಬಿಟ್ಟಿತು. ಆಗ ಊರಿನ ಮೇಯರ್ ಒಂದು ಸರಕುದೋಣಿಯನ್ನು ವಶಪಡಿಸಿಕೊಂಡು, ಅದನ್ನು ಕಂಡಿಗೆ ಅಡ್ಡಲಾಗಿ ನುಗ್ಗಿಸುವಂತೆ ಅದರ ನಾವಿಕನಾದ ಆರಿ ಎವೆಗ್ರೂನ್ ಎಂಬಾತನಿಗೆ ಆಜ್ಞಾಪಿಸಿದನು. ದೋಣಿ ಬಾಗಿಲಿನಂತೆ ಕಂಡಿಗೆ ಆತುಕೊಂಡು ನಿಂತಿತು. ಒಡ್ಡು ಉಳಿಯಿತು. ಮೂವತ್ತು ಲಕ್ಷ ಜನರ ರಕ್ಷಣೆ ಒಂದು ದೋಣಿಯ ಮೇಲೆ ನಿಂತಿತ್ತೆಂದರೆ, ಆ ನಾವಿಕನ ಧೈರ್ಯವನ್ನು ಮೆಚ್ಚಬೇಕು ನಿಜ. ಆದರೆ ಯೋಜನೆಯಲ್ಲಿದ್ದ ಕೊರತೆಯನ್ನೂ ಕಾಣಬೇಕು.

ನೀರು ಏರಿದ್ದು ಹೇಗೆ?

ಗಾಳಿಯು ಸಮುದ್ರವನ್ನು ಇಷ್ಟೊಂದು ಎತ್ತರಕ್ಕೆ ಏರಿಸಬಲ್ಲುದೆ ಎಂದು ವಾಚಕರು ಕೇಳಬಹುದು. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ, ಒಂದು ಕಡೆಯಿಂದ ಬಾಯಿಯಲ್ಲಿ ಊದಿ ನೋಡಿರಿ. ನೀರು ಎದುರಿನ ಅಂಚಿಗೆ ಸರಿದು ಅಲ್ಲಿ ತುಸು ಏರುತ್ತದೆ. ಸಮುದ್ರದಲ್ಲಿ ನಡೆಯುವುದೂ ಇದೇ. ಗಾಳಿಯು ನೀರಿನ ಮೇಲ್ಮೈಯನ್ನು ಉಜ್ಜುತ್ತಾ ಎಳೆಯುತ್ತದೆ. ದಡವು ನೀರನ್ನು ತಡೆಯುತ್ತದೆ. ಆಗ ನೀರಿನ ಮೇಲ್ಮೈ ದಡದ ಕಡೆಗೆ ಏರುವ ಇಳಿಜಾರಾಗುತ್ತದೆ.

ಈ ಸಂಬಂಧದಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಗಾಳಿಯ ಎಳೆತವು ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ಸುಮಾರು ನಾಲ್ಮಡಿಯಾಗುತ್ತದೆ. ಎರಡನೆಯದಾಗಿ, ಇಳಿಜಾರು ನೀರಿನ ಆಳಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಆಳ ಕಡಮೆಯಾದಷ್ಟೂ ಏರಿಕೆ ಹೆಚ್ಚು. ಉತ್ತರ ಸಮುದ್ರದ ದಕ್ಷಿಣ ಭಾಗವು ಆಳವಿಲ್ಲದ್ದು. ಮೇಲಾಗಿ ಲಾಳಿಕೆಯಂತೆ ಕಿರಿದಾಗುತ್ತಾ ಹೋಗುವಂಥದು. ಇವುಗಳೊಡನೆ ವಾಯುಭಾರದ ಇಳಿತವನ್ನೂ ಸೇರಿಸಬೇಕು. ವಾಯುಭಾರ ಒಂದು ಮಿಲಿಬಾರ್ ತಗ್ಗಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. 1953ರ ಆ ರಾತ್ರಿ ಹುಣ್ಣಿಮೆಯ ಸಮೀಪದ ದೊಡ್ಡ ಉಬ್ಬರವೂ ಕೂಡಿಬಂದಿತು. ಹೀಗೆ ಹುಕ್ ಆಫ್ ಹಾಲೆಂಡ್ ಎಂಬ ಬಂದರಿನಲ್ಲಿ ನೀರು ಸರಾಸರಿ ಮಟ್ಟಕ್ಕಿಂತ 3.85 ಮೀಟರ್ ಮೇಲಕ್ಕೇರಿತು.

ಒಡ್ಡುಗಳು ಇಷ್ಟಕ್ಕೆ ಸಿದ್ಧವಾಗಿರಲಿಲ್ಲವೇಕೆ? ಅಂದಿನವರೆಗಿನ ಪದ್ಧತಿ ಸರಳವಾಗಿದ್ದಿತು. ಹಿಂದೆ ಕಂಡಿದ್ದ ಅತ್ಯಂತ ಎತ್ತರದ ನೀರಿನ ಗುರುತನ್ನು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಒಡ್ಡನ್ನು ಕಟ್ಟುವುದು. ಅಂದರೆ, ಕಳೆದ ವಿಪತ್ತಿಗೆ ಸರಿಯಾಗಿ ಕಟ್ಟುವುದು. ಆದರೆ ಸಮುದ್ರವು ತನ್ನ ಹಿಂದಿನ ದಾಖಲೆಯನ್ನು ಮೀರಬಾರದೆಂಬ ನಿಯಮವೇನೂ ಇಲ್ಲವಷ್ಟೆ!

ಹೇಳಿದವರಿದ್ದರು, ಕೇಳಿದವರಿರಲಿಲ್ಲ

ಈ ಲೋಪವನ್ನು ಯಾರೂ ಕಂಡಿರಲಿಲ್ಲವೆಂದಲ್ಲ. 1939ರಲ್ಲಿಯೇ ವೆಮೆಲ್ಸ್‌ಫೆಲ್ಡರ್ ಎಂಬ ಎಂಜಿನಿಯರು ಹುಕ್ ಆಫ್ ಹಾಲೆಂಡಿನ ನೀರಿನ ಮಟ್ಟಗಳ ದಾಖಲೆಗಳನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದನು. ಎತ್ತರ ಹೆಚ್ಚಿದಂತೆ ಆ ಎತ್ತರವನ್ನು ನೀರು ಮುಟ್ಟುವ ಸಂದರ್ಭಗಳು ಒಂದು ಕ್ರಮದಲ್ಲಿ ವಿರಳವಾಗುತ್ತಾ ಹೋಗುತ್ತವೆಂಬುದು ಕಂಡುಬಂದಿತು. ಆ ಕ್ರಮದಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಗೆರೆಯೇ ಇರಲಿಲ್ಲ. ಎಷ್ಟೇ ಎತ್ತರವನ್ನು ಹೇಳಿ, ಅದನ್ನು ಮೀರುವ ಸಂಭವ ಕಿರಿದಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ.

ಅದೇ ಕಾಲದಲ್ಲಿ ಯೋಹಾನ್ ವಾನ್ ವೇನ್ ಎಂಬ ಮತ್ತೊಬ್ಬ ಸರ್ಕಾರಿ ಎಂಜಿನಿಯರು, ನೈರುತ್ಯ ಭಾಗದ ಒಡ್ಡುಗಳು ಸಾಲವೆಂದು ಪದೇ ಪದೇ ಎಚ್ಚರಿಸುತ್ತಿದ್ದನು. ನಿಜವನ್ನೇ ನುಡಿದರೂ ಯಾರೂ ನಂಬಬಾರದೆಂಬ ಶಾಪಕ್ಕೆ ಗುರಿಯಾದ ಗ್ರೀಕ್ ಪುರಾಣದ ಕಸಾಂಡ್ರಳ ಹೆಸರನ್ನೇ ಆತನು ತನ್ನ ಗುಪ್ತನಾಮವಾಗಿ ಇಟ್ಟುಕೊಂಡಿದ್ದನು! ಯುದ್ಧದಲ್ಲಿ ಜರ್ಝರಿತವಾದ ದೇಶವು ಆಗ ಮನೆಗಳನ್ನೂ ಕಾರ್ಖಾನೆಗಳನ್ನೂ ಮತ್ತೆ ಕಟ್ಟುವುದರಲ್ಲಿ ಮಗ್ನವಾಗಿದ್ದಿತು. ಪುನರ್ನಿರ್ಮಾಣ ತುರ್ತಿನದು, ಒಡ್ಡು ನಿಧಾನದ್ದು ಎಂಬ ಭಾವನೆ ಇದ್ದಿತು. ಎರಡು ಕಡತಗಳು ಬೇರೆಬೇರೆಯಾಗಿದ್ದುದರ ಫಲವಿದು.

ಪ್ರವಾಹವಾದ ಮೂರು ವಾರಗಳೊಳಗೆ ಸರ್ಕಾರವು ‘ಡೆಲ್ಟಾ ಸಮಿತಿ’ಯನ್ನು ನೇಮಿಸಿತು. ಈ ಸಮಿತಿಗಾಗಿ ಕೆಲಸ ಮಾಡಿದವರಲ್ಲಿ ಎಂಜಿನಿಯರುಗಳಷ್ಟೇ ಅಲ್ಲದೆ ವಾನ್ ಡಾಂಟ್ಸಿಗ್ ಎಂಬ ಗಣಿತಜ್ಞನೂ, ದೇಶದ ಕೇಂದ್ರ ಯೋಜನಾ ಕಚೇರಿಯ ನಿರ್ದೇಶಕನಾಗಿದ್ದ ಯಾನ್ ಟಿನ್‌ಬರ್ಗೆನ್ ಎಂಬ ಅರ್ಥಶಾಸ್ತ್ರಜ್ಞನೂ ಇದ್ದರು. (ಟಿನ್‌ಬರ್ಗೆನ್ 1969ರಲ್ಲಿ ಅರ್ಥಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಒಬ್ಬನು.) ರಾಷ್ಟ್ರದ ಯೋಜನೆಗಳನ್ನು ರೂಪಿಸುವವರೇ ಒಡ್ಡಿನ ಲೆಕ್ಕಕ್ಕೂ ಕುಳಿತರೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

‘ನೂರು ವರ್ಷಕ್ಕೊಮ್ಮೆ’ ಎಂದರೇನು?

ಅವರ ಲೆಕ್ಕವನ್ನು ನೋಡುವ ಮೊದಲು ಒಂದು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ‘ಇದು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ತರಗತಿಯಲ್ಲಿ ಇದರ ಅರ್ಥವನ್ನು ಕೇಳಿದರೆ, ‘ಒಮ್ಮೆ ಬಂದರೆ ಇನ್ನು ನೂರು ವರ್ಷ ಚಿಂತೆಯಿಲ್ಲ’ ಎನ್ನುವ ವಿದ್ಯಾರ್ಥಿಗಳೇ ಹೆಚ್ಚು. ಇದು ತಪ್ಪು. ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಂಭವನೀಯತೆ ನೂರರಲ್ಲಿ ಒಂದು ಎಂಬುದಷ್ಟೇ ಅದರ ಅರ್ಥ. ನಾಣ್ಯವನ್ನು ಚಿಮ್ಮಿದಾಗ ಹಿಂದಿನ ಸಲ ಏನು ಬಿದ್ದಿತ್ತೆಂಬುದು ನಾಣ್ಯಕ್ಕೆ ಹೇಗೆ ತಿಳಿಯದೋ ಹಾಗೆಯೇ ಬಿರುಗಾಳಿಗೂ ತಿಳಿಯದು.

ಹಾಗಾದರೆ ಐವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದು ಬರುವ ಸಂಭವವೆಷ್ಟು? ಒಂದು ವರ್ಷ ಬಾರದಿರುವ ಸಂಭವನೀಯತೆ 0.99. ಐವತ್ತು ವರ್ಷವೂ ಬಾರದಿರಲು ಇದನ್ನು ಐವತ್ತು ಸಲ ತನ್ನಿಂದಲೇ ಗುಣಿಸಬೇಕು. ಉತ್ತರ ಸುಮಾರು 0.605. ಆದ್ದರಿಂದ ಒಮ್ಮೆಯಾದರೂ ಬರುವ ಸಂಭವ 0.395, ಅಂದರೆ ನೂರಕ್ಕೆ ಸುಮಾರು 40. ಒಂದು ಮನೆಯ ಆಯುಷ್ಯದಲ್ಲಿ ಐದಕ್ಕೆ ಎರಡರಷ್ಟು ಸಂಭವವಿರುವ ಸಂಗತಿಯನ್ನು ಅಪರೂಪವೆಂದು ಕರೆಯಲಾದೀತೆ?

ಎರಡು ಗೆರೆಗಳ ನಡುವಿನ ಆಯ್ಕೆ

ಈಗ ಮೂಲ ಪ್ರಶ್ನೆಗೆ ಬರೋಣ. ಒಡ್ಡನ್ನು ಎತ್ತರಿಸಿದಷ್ಟೂ ಖರ್ಚು ಹೆಚ್ಚುತ್ತದೆ. ಆದರೆ ಮುಳುಗುವ ಸಂಭವ ತಗ್ಗುತ್ತದೆ. ಹಾಗಾದರೆ ಎಲ್ಲಿ ನಿಲ್ಲಿಸಬೇಕು? ವಾನ್ ಡಾಂಟ್ಸಿಗ್ ಈ ಪ್ರಶ್ನೆಗೆ ಉತ್ತರ ಕೊಡುವ ವಿಧಾನವನ್ನು 1956ರಲ್ಲಿ ಪ್ರಕಟಿಸಿದನು. ಅದರ ತಿರುಳನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ಒಂದು ಒಡ್ಡಿನ ಹಿಂದೆ 10,000 ಕೋಟಿ ರೂಪಾಯಿ ಬೆಲೆಬಾಳುವ ಊರು, ಹೊಲ, ಕಾರ್ಖಾನೆಗಳು ಇವೆಯೆಂದೂ, ಒಡ್ಡು ಮುಳುಗಿದರೆ ಎಲ್ಲವೂ ಹಾಳಾಗುವುವೆಂದೂ ಇಟ್ಟುಕೊಳ್ಳೋಣ. ಒಂದು ವರ್ಷದಲ್ಲಿ ಅದು ಮುಳುಗುವ ಸಂಭವ ನೂರರಲ್ಲಿ ಒಂದು. ಆಗ ಸರಾಸರಿ ಲೆಕ್ಕದಲ್ಲಿ ಪ್ರತಿವರ್ಷದ ನಷ್ಟ 100 ಕೋಟಿಯಾಗುತ್ತದೆ. ಒಡ್ಡನ್ನು ಒಂದೊಂದು ಮೆಟ್ಟಿಲು ಏರಿಸಿದಾಗಲೂ ಈ ಸಂಭವ ಹತ್ತನೆಯ ಒಂದರಷ್ಟಾಗುತ್ತದೆ ಎನ್ನೋಣ. ಪ್ರತಿಯೊಂದು ಮೆಟ್ಟಿಲಿನ ವೆಚ್ಚ, ಬಡ್ಡಿ ದುರಸ್ತಿಗಳನ್ನು ಸೇರಿಸಿ ವರ್ಷಗಳ ಮೇಲೆ ಹಂಚಿದರೆ, ವರ್ಷಕ್ಕೆ 8 ಕೋಟಿಯಾಗಲಿ. ಆಗ ಒಟ್ಟು ಭಾರ ಹೀಗಿರುತ್ತದೆ:

ಏರಿಸದಿದ್ದರೆ: ನಷ್ಟ 100, ವೆಚ್ಚ 0, ಒಟ್ಟು 100 ಕೋಟಿ.
ಒಂದು ಮೆಟ್ಟಿಲು: ನಷ್ಟ 10, ವೆಚ್ಚ 8, ಒಟ್ಟು 18 ಕೋಟಿ.
ಎರಡು ಮೆಟ್ಟಿಲು: ನಷ್ಟ 1, ವೆಚ್ಚ 16, ಒಟ್ಟು 17 ಕೋಟಿ.
ಮೂರು ಮೆಟ್ಟಿಲು: ನಷ್ಟ 0.1, ವೆಚ್ಚ 24, ಒಟ್ಟು 24.1 ಕೋಟಿ.

ಎರಡು ಮೆಟ್ಟಿಲಿನಲ್ಲಿ ಒಟ್ಟು ಭಾರ ಕನಿಷ್ಠವಾಗಿದೆ. ಏನೂ ಮಾಡದಿರುವುದೇ ಎಲ್ಲಕ್ಕಿಂತ ದುಬಾರಿಯಾದ ಆಯ್ಕೆಯೆಂಬುದನ್ನೂ ವಾಚಕರು ಗಮನಿಸಬೇಕು. ಆ ನಷ್ಟ ಪ್ರತಿವರ್ಷವೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಅದು ಅಗ್ಗವೆಂದು ತೋರುತ್ತದೆ.

ಈಗ ಉದಾಹರಣೆಯನ್ನು ಒಂದು ಹೆಜ್ಜೆ ಮುಂದುವರಿಸೋಣ. ಒಡ್ಡು ಕಟ್ಟಿದ ಮೇಲೆ ಆ ನೆಲ ಭದ್ರವೆಂಬ ನಂಬಿಕೆ ಹುಟ್ಟುತ್ತದೆ. ಜನ ಬರುತ್ತಾರೆ, ರಸ್ತೆ, ಬಂದರು, ಆಸ್ಪತ್ರೆಗಳಾಗುತ್ತವೆ. ಕೆಲವು ದಶಕಗಳಲ್ಲಿ ಒಡ್ಡಿನ ಹಿಂದಿನ ಸಂಪತ್ತು ಹತ್ತುಮಡಿಯಾಗಿ ಒಂದು ಲಕ್ಷ ಕೋಟಿಯನ್ನು ಮುಟ್ಟುತ್ತದೆ. ಸಮುದ್ರ ಹಿಂದಿನಂತೆಯೇ ಇದೆ, ಒಡ್ಡೂ ಹಾಗೆಯೇ ಇದೆ. ಆದರೂ ವಾರ್ಷಿಕ ನಷ್ಟದ ಸರಾಸರಿ 1 ಕೋಟಿಯಿಂದ 10 ಕೋಟಿಗೆ ಏರಿತು! ಮತ್ತೆ ಲೆಕ್ಕಹಾಕಿದರೆ ಎರಡು ಮೆಟ್ಟಿಲಿನಲ್ಲಿ ಒಟ್ಟು ಭಾರ 26 ಕೋಟಿ, ಮೂರು ಮೆಟ್ಟಿಲಿನಲ್ಲಿ 25 ಕೋಟಿ. ಈಗ ಮೂರನೆಯ ಮೆಟ್ಟಿಲೂ ಬೇಕೆಂದಾಯಿತು.

ನಮ್ಮ ಲೇಖನದ ಮುಖ್ಯ ಮಾತು ಇಲ್ಲಿಯೇ ಇದೆ. ಅಪಾಯವೆಂಬುದು ಎರಡು ಸಂಖ್ಯೆಗಳ ಗುಣಲಬ್ಧ. ವಿಪತ್ತು ಬರುವ ಸಂಭವ ಒಂದು. ಬಂದರೆ ಆಗುವ ಹಾನಿ ಇನ್ನೊಂದು. ಮೊದಲನೆಯದರಲ್ಲಿ ಪ್ರಕೃತಿಯ ಪಾಲು ದೊಡ್ಡದು. ಎರಡನೆಯದನ್ನು ನಿರ್ಧರಿಸುವವರು ಪೂರ್ತಿಯಾಗಿ ನಾವೇ: ಎಲ್ಲಿ ಮನೆ ಕಟ್ಟುತ್ತೇವೆ, ಎಲ್ಲಿ ಕಾರ್ಖಾನೆ ಇಡುತ್ತೇವೆ ಎಂಬುದರಿಂದ ಅದು ಆಗುತ್ತದೆ. ಆದಕಾರಣ ಪ್ರತಿಯೊಂದು ಅಭಿವೃದ್ಧಿ ಯೋಜನೆಯೂ, ತಿಳಿದೋ ತಿಳಿಯದೆಯೋ, ಒಂದು ವಿಪತ್ತಿನ ಯೋಜನೆಯೂ ಹೌದು. ಅದನ್ನು ತಿಳಿದು ಮಾಡಿದರೆ ಅಪಾಯ ತಗ್ಗುತ್ತದೆ. ತಿಳಿಯದೆ ಮಾಡಿದರೆ ಬೆಳವಣಿಗೆಯೇ ಅಪಾಯವನ್ನು ಬೆಳೆಸುತ್ತದೆ.

ಲೆಕ್ಕವು ಶಾಸನವಾದ ಬಗೆ

ಡೆಲ್ಟಾ ಸಮಿತಿಯು ಹುಕ್ ಆಫ್ ಹಾಲೆಂಡಿನಲ್ಲಿ 5 ಮೀಟರ್ ಎತ್ತರದ ನೀರನ್ನು ಎದುರಿಸುವಂತೆ ಒಡ್ಡುಗಳಿರಬೇಕೆಂದು ಸೂಚಿಸಿತು. ಒಂದು ವರ್ಷದಲ್ಲಿ ಆ ಮಟ್ಟವನ್ನು ನೀರು ಮೀರುವ ಸಂಭವ ಹತ್ತುಸಾವಿರದಲ್ಲಿ ಒಂದು. ನೂರು ವರ್ಷಗಳ ಅವಧಿಗೆ ಇದು ನೂರರಲ್ಲಿ ಒಂದು ಮಾತ್ರ. ಜನವೂ ಸಂಪತ್ತೂ ವಿರಳವಾಗಿರುವ ಕಡೆಗಳಲ್ಲಿ ಇದಕ್ಕಿಂತ ಕಡಮೆ ಕಟ್ಟುನಿಟ್ಟಿನ ಮಾನವನ್ನು ಒಪ್ಪಲಾಯಿತು. 1958ರಲ್ಲಿ ಡೆಲ್ಟಾ ಶಾಸನವು ಅಂಗೀಕೃತವಾಯಿತು. ಮೊದಲು ಮುಗಿದ ಕಾಮಗಾರಿ ಯಾವುದು ಗೊತ್ತೆ? ಅಂದು ದೋಣಿಯಿಂದ ಕಂಡಿ ಮುಚ್ಚಿದ ಅದೇ ಐಸೆಲ್ ನದಿಯ ಮೇಲಿನ ಬಿರುಗಾಳಿ ತಡೆ. ಅದು 1958ರಲ್ಲಿಯೇ ಸಿದ್ಧವಾಯಿತು. ಅತಿ ಹೆಚ್ಚು ಜನರ ಪ್ರಾಣ ಯಾವುದರ ಮೇಲೆ ನಿಂತಿದೆಯೋ ಅದು ಮೊದಲು, ಎಂಬುದೇ ಕ್ರಮ.

ಮುಂದೆ ಈ ಕೆಲಸ ದಶಕಗಳವರೆಗೆ ನಡೆಯಿತು. ಪೂರ್ವ ಶೆಲ್ಟ್ ಎಂಬ ಅಳಿವೆಯನ್ನು ಪೂರ್ತಿಯಾಗಿ ಮುಚ್ಚಿಬಿಡುವುದು ಮೊದಲ ಯೋಚನೆಯಾಗಿದ್ದಿತು. ಹಾಗೆ ಮಾಡಿದರೆ ಉಪ್ಪುನೀರಿನ ಚಿಪ್ಪುಜೀವಿಗಳೂ ಮೀನುಗಾರರ ಜೀವನವೂ ಹಾಳಾಗುವುವೆಂಬ ವಿರೋಧ ಬಂದುದರಿಂದ, ಸಾಧಾರಣ ದಿನಗಳಲ್ಲಿ ತೆರೆದಿದ್ದು ಬಿರುಗಾಳಿಯ ದಿನ ಮಾತ್ರ ಮುಚ್ಚುವ 62 ಬಾಗಿಲುಗಳ ತಡೆಯನ್ನು ಅಲ್ಲಿ ನಿರ್ಮಿಸಲಾಯಿತು. ಅದು ಮುಗಿದದ್ದು 1986ರಲ್ಲಿ. ರಾಟರ್‌ಡಾಮ್ ಬಂದರಿನ ಜಲಮಾರ್ಗವನ್ನು ಕಾಯುವ ಮಾಸ್ಲಾಂಟ್ ತಡೆ 1997ರಲ್ಲಿ ಸಿದ್ಧವಾಯಿತು.

ಒಡ್ಡನ್ನು ಏರಿಸುತ್ತಲೇ ಹೋಗುವುದು ಒಂದೇ ದಾರಿಯಲ್ಲವೆಂಬುದನ್ನೂ ಆ ದೇಶ ಕಲಿಯಿತು. 1995ರಲ್ಲಿ ರೈನ್ ಮತ್ತು ಮಾಸ್ ನದಿಗಳು ಉಕ್ಕಿದಾಗ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಅನಂತರ ‘ನದಿಗೆ ಜಾಗ ಕೊಡಿ’ ಎಂಬ ನೀತಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಡೆಗಳಲ್ಲಿ ನದಿಯ ಪಾತ್ರವನ್ನು ಅಗಲಗೊಳಿಸಲಾಯಿತು. ನೈಮೇಗನ್ ನಗರದ ಎದುರಿನಲ್ಲಿ ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ಇದು ಅಗ್ಗದ ಕೆಲಸವಲ್ಲ. ಒಡ್ಡಿನ ದಾರಿಯಲ್ಲಿದ್ದ ಕೆಲವರು ಮನೆ ಬಿಟ್ಟು ಹೋಗಬೇಕಾಯಿತು. ಮೊದಲೇ ನದಿಯ ಜಾಗವನ್ನು ನದಿಗೆ ಬಿಟ್ಟಿದ್ದರೆ ಆ ಕಷ್ಟವೂ ಇರುತ್ತಿರಲಿಲ್ಲ.

2003ರಿಂದ ಅಲ್ಲಿ ‘ನೀರಿನ ಪರೀಕ್ಷೆ’ ಎಂಬ ನಿಯಮ ಕಡ್ಡಾಯವಾಯಿತು. ನಗರ ಅಥವಾ ಪ್ರಾಂತವು ನೆಲದ ಉಪಯೋಗದ ನಕ್ಷೆಯನ್ನು ಬರೆಯುವಾಗ, ಆರಂಭದಲ್ಲಿಯೇ ನೀರಿನ ಮೇಲ್ವಿಚಾರಣೆಯ ಮಂಡಲಿಯೊಡನೆ ಸಮಾಲೋಚಿಸಬೇಕು. ನಕ್ಷೆ ಮುಗಿದ ಮೇಲೆ ಒಪ್ಪಿಗೆಯ ಮುದ್ರೆ ಒತ್ತಿಸಿಕೊಳ್ಳುವುದಲ್ಲ, ಮೊದಲ ಗೆರೆ ಎಳೆಯುವಾಗಲೇ ಕೇಳುವುದು ಎಂಬುದರಲ್ಲಿ ಇದರ ಸ್ವಾರಸ್ಯವಿದೆ. 2012ರಿಂದ ಪ್ರತ್ಯೇಕ ನಿಧಿಯೊಂದು ಶಾಸನದ ಬಲದಿಂದ ಸ್ಥಾಪಿತವಾಗಿ, ಪ್ರತಿವರ್ಷ ಆಯವ್ಯಯದ ದಿನವೇ ಡೆಲ್ಟಾ ಕಾರ್ಯಕ್ರಮವೂ ಸಂಸತ್ತಿನ ಮುಂದೆ ಬರುತ್ತದೆ. ಪ್ರವಾಹವಾಗದ ವರ್ಷದಲ್ಲಿಯೂ ಹಣ ಒದಗುತ್ತದೆ.

ಆದರೆ ಸಂಪತ್ತಿನ ಲೆಕ್ಕದಲ್ಲಿ ಒಂದು ಅನ್ಯಾಯ ಅಡಗಿದೆ. ಬಡವರ ಊರಿನಲ್ಲಿ ಸಂಪತ್ತು ಕಡಮೆ. ಹಾಗೆಂದು ಅವರ ಒಡ್ಡೂ ಗಿಡ್ಡವಾಗಿರಬೇಕೆ? ಇದನ್ನು ಸರಿಪಡಿಸಲು 2017ರಿಂದ ಅಲ್ಲಿ ಹೊಸ ಮಾನ ಬಂದಿದೆ. ಒಡ್ಡಿನ ಹಿಂದೆ ವಾಸಿಸುವ ಯಾವನೇ ವ್ಯಕ್ತಿಯು ಪ್ರವಾಹದಿಂದ ಸಾಯುವ ಸಂಭವ ವರ್ಷಕ್ಕೆ ಒಂದು ಲಕ್ಷದಲ್ಲಿ ಒಂದನ್ನು ಮೀರಬಾರದು. 2050ರೊಳಗೆ ಎಲ್ಲೆಡೆಯೂ ಈ ಗುರಿಯನ್ನು ಮುಟ್ಟಬೇಕೆಂದು ನಿರ್ಧರಿಸಲಾಗಿದೆ. ಇದು ಎಲ್ಲರಿಗೂ ಸಮಾನವಾದ ಕನಿಷ್ಠ ರಕ್ಷಣೆ. ಸಂಪತ್ತಿನ ಲೆಕ್ಕ ಅದರ ಮೇಲಿನದು.

ನಮ್ಮ ಪಾಠ

ನೆದರ್ಲೆಂಡ್ಸ್ ಶ್ರೀಮಂತ ದೇಶ, ಅದಕ್ಕೆ ಇದೆಲ್ಲ ಸಾಧ್ಯ ಎನ್ನಬಹುದು. ಭಾರತದ ಪೂರ್ವ ಕರಾವಳಿಯನ್ನು ನೋಡಿದರೆ ಹಾಗೆನ್ನಲು ಬಾಯಿ ಬಾರದು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಹತ್ತುಸಾವಿರದಷ್ಟು ಜನ ಸತ್ತರು. ಅದೇ ವರ್ಷ ಆ ರಾಜ್ಯವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ಕರಾವಳಿಯುದ್ದಕ್ಕೂ ಎತ್ತರದ ಆಸರೆ ಕಟ್ಟಡಗಳನ್ನು ಕಟ್ಟತೊಡಗಿತು. ಎಚ್ಚರಿಕೆಯನ್ನು ಹಳ್ಳಿಹಳ್ಳಿಗೂ ಮುಟ್ಟಿಸುವ ವ್ಯವಸ್ಥೆ ಮಾಡಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಬಲ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಆ ಆಸರೆ ಕಟ್ಟಡಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿವೆ. ಶಾಲೆಯೂ ಬೇಕು, ಆಸರೆಯೂ ಬೇಕು. ಎರಡು ಕಡತಗಳನ್ನು ಒಂದುಗೂಡಿಸಿದರೆ ಒಂದೇ ಕಟ್ಟಡ ಎರಡೂ ಆಗುತ್ತದೆ.

ನಮ್ಮ ಶಾಸನವೂ ಈಗ ಇದನ್ನೇ ಹೇಳುತ್ತದೆ. ಹತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ ಮೊದಲ ಬಾರಿಗೆ ವಿಪತ್ತು ನಿರ್ವಹಣೆಗೆ ಒಂದು ಅಧ್ಯಾಯ ಮೀಸಲಾಯಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಅಪಾಯ ತಗ್ಗಿಸುವ ಕ್ರಮಗಳನ್ನು ಅಭಿವೃದ್ಧಿ ಯೋಜನೆಗಳೊಳಗೆ ಹೆಣೆಯಬೇಕೆಂದು ವಿಧಿಸುತ್ತದೆ. ಆದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತುದನ್ನು ನಾವು ಮರೆಯುವಂತಿಲ್ಲ. ಕಾಯಿದೆಯ ಮಾತು ಪ್ರತಿ ಊರಿನ ನಕ್ಷೆಯ ಮೇಲೆ ಗೆರೆಯಾಗಿ ಇಳಿದಾಗಲೇ ಅದು ಸಾರ್ಥಕ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಒಂದು ಹಳ್ಳದ ಸೇತುವೆಯನ್ನು ‘ಐವತ್ತು ವರ್ಷಕ್ಕೊಮ್ಮೆ’ ಬರುವ ಪ್ರವಾಹಕ್ಕೆ ಕಟ್ಟಿದ್ದಾರೆ. ಮೂವತ್ತು ವರ್ಷಗಳಲ್ಲಿ ಅದನ್ನು ಮೀರಿದ ನೀರು ಒಮ್ಮೆಯಾದರೂ ಬರುವ ಸಂಭವವೆಷ್ಟು? (ಉತ್ತರ: ನೂರಕ್ಕೆ ಸುಮಾರು 45.) ಲೆಕ್ಕ ಮುಗಿದ ಮೇಲೆ ನಿಮ್ಮ ಊರಿನ ಹಿರಿಯರನ್ನು ಕೇಳಿ, ಹೊಳೆಯೋ ಕೆರೆಯ ಕೋಡಿಯೋ ಹಿಂದೆ ಎಲ್ಲಿಯವರೆಗೆ ಬಂದಿತ್ತೆಂದು ತಿಳಿದುಕೊಳ್ಳಿರಿ. ಆ ಗುರುತಿನ ಕೆಳಗೆ ಇಂದು ಎಷ್ಟು ಮನೆಗಳಿವೆಯೆಂದು ಎಣಿಸಿರಿ. ಆ ಸಂಖ್ಯೆಯೇ ಮೇಲಿನ ಗುಣಾಕಾರದ ಎರಡನೆಯ ಸಂಖ್ಯೆ.